ಬಾಂಡ್ ಥೀಮಿನಲ್ಲಿ ಬದಲಾಗದ್ದು ಯಾವುದು

ಬಾಂಡ್ ಥೀಮ್ ಗುನುಗಿ ಎಂದರೆ ಹೆಚ್ಚಿನವರ ಬಾಯಿಂದ ಬರುವುದು ಗಿಟಾರಿನ ಸಾಲು. ಕಿವಿಗೆ ಮೊದಲು ಅಂಟಿಕೊಳ್ಳುವುದೂ ಅದೇ. ಆದರೆ 1962ರ ‘ಡಾ. ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಇಯಾನ್ ನಿರ್ಮಾಣ ಸಂಸ್ಥೆಯ 25 ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಈ ಸಂಗೀತ ವೇಷ ಬದಲಿಸಿದ ಬಗೆಯನ್ನು ಒಂದರ ಹಿಂದೊಂದು ಕೇಳುತ್ತ ಹೋದರೆ ಗಿಟಾರ್ ಬಂದುಹೋಗುವ ನೆಂಟ ಎನ್ನುವುದು ತಿಳಿಯುತ್ತದೆ. ಎಷ್ಟೋ ಚಿತ್ರಗಳಲ್ಲಿ ಆ ಸಾಲನ್ನು ಪಿಟೀಲಿಗೆ, ಕಹಳೆಗೆ, ಸಿಂಥಸೈಸರಿಗೆ ಕೊಟ್ಟಿದ್ದಾರೆ. ಯಾರಿಗೂ ಗುರುತು ತಪ್ಪಿಲ್ಲ. ಅದರ ಅಡಿಯಲ್ಲಿ ಅರ್ಧರ್ಧ ಸ್ವರ ಏರಿ ಮತ್ತೆ ಇಳಿಯುವ ಒಂದು ಸಣ್ಣ ಓಲಾಟವಿದೆ. ಅದನ್ನು ತೆಗೆದರೆ ಗುರುತೇನೋ ಸಿಕ್ಕೀತು, ಬಿಗಿ ಮಾತ್ರ ಹೊರಟುಹೋಗುತ್ತದೆ. ಒಳ್ಳೆಯ ಆವೃತ್ತಿ ಯಾವುದು, ಸಪ್ಪೆ ಯಾವುದು ಎಂಬ ಲೆಕ್ಕವೆಲ್ಲ ಆ ಓಲಾಟವನ್ನು ಯಾರು ಹೇಗೆ ನಡೆಸಿಕೊಂಡರು ಎಂಬುದರ ಮೇಲೆ ನಿಂತಿದೆ.

ಥೀಮಿನಲ್ಲಿ ಬಿಡಿಸಿ ತೆಗೆಯಬಹುದಾದ ತುಂಡುಗಳು ನಾಲ್ಕು. ಮೊದಲನೆಯದು ಈ ಓಲಾಟ, ವಾದ್ಯಗಾರರ ಮಾತಿನಲ್ಲಿ ವ್ಯಾಂಪ್. ಶ್ರುತಿ ಇ ಮೈನರ್. ಕೀಬೋರ್ಡಿನಲ್ಲಿ ಎಡಗೈಯಲ್ಲಿ ಇ ಮತ್ತು ಜಿ ಒತ್ತಿ ಹಿಡಿದು, ಬಲಗೈಯ ಒಂದೇ ಬೆರಳಿನಲ್ಲಿ ಬಿ, ಸಿ, ಸಿ ಶಾರ್ಪ್, ಮತ್ತೆ ಸಿ ನುಡಿಸಿ ನೋಡಿ. ಮೂರನೆಯ ಸುತ್ತಿಗೆ ಬರುವ ಹೊತ್ತಿಗೆ ಕೋಣೆಯಲ್ಲಿದ್ದವರು ತಿರುಗಿ ನೋಡುತ್ತಾರೆ. ಇ ಯನ್ನು ಷಡ್ಜ ಎಂದಿಟ್ಟುಕೊಂಡರೆ ಇದು ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ. ಮೇಲಕ್ಕೆ ಹೋಗುತ್ತದೆ ಎಂದುಕೊಳ್ಳುವಷ್ಟರಲ್ಲಿ ಹಿಂದೆ ಸರಿಯುತ್ತದೆ. ನಿಷಾದದ ಬಾಗಿಲಿಗೆ ಬಂದು ಒಳಗೆ ಕಾಲಿಡುವುದಿಲ್ಲ. ಪತ್ತೇದಾರಿ ಚಿತ್ರಕ್ಕೆ ಬೇಕಾದ ಗುಮಾನಿಯೆಲ್ಲ ಈ ಹಿಂಜರಿಕೆಯಲ್ಲಿದೆ.

ಎರಡನೆಯದು ಗಿಟಾರ್ ರಿಫ್, ಅಂದರೆ ಎಲ್ಲರೂ ಗುನುಗುವ ಆ ಸಾಲು. ಸ, ಆಮೇಲೆ ನಾಲ್ಕು ಸಲ ಚತುಶ್ರುತಿ ರಿಷಭ, ಮೂರು ಸಲ ಸ. ಮತ್ತೆ ಸ, ನಾಲ್ಕು ಸಲ ಸಾಧಾರಣ ಗಾಂಧಾರ, ಮೂರು ಸಲ ರಿಷಭ. ಎಂಟು ಪೆಟ್ಟಿನ ಎರಡು ಸಾಲು, ಸ್ವರಗಳು ಬರೀ ಮೂರು. ಇದು ತಿರುತಿರುಗಿ ಬಂದ ಮೇಲೆ ಒಂದು ಜಾರು ಸಾಲು: ಡಿ ಶಾರ್ಪ್, ಡಿ, ಬಿ, ಎ, ಬಿ. ನಮ್ಮ ಲೆಕ್ಕದಲ್ಲಿ ಕಾಕಲಿ ನಿಷಾದ, ಕೈಶಿಕಿ ನಿಷಾದ, ಪ, ಮ, ಪ. ಬೆನ್ನುಬೆನ್ನಿಗೆ ಎರಡು ನಿಷಾದ ಹಿಡಿಯುವುದು ಕರ್ನಾಟಕ ಸಂಗೀತದ ಶಿಸ್ತಿಗೆ ಅಪಚಾರ. ಮಿಯಾ ಮಲ್ಹಾರ್ ಹಾಡುವವರಿಗೆ ಅಷ್ಟು ಗಾಬರಿಯಾಗಲಿಕ್ಕಿಲ್ಲ. ಮೂರನೆಯದು ಹಿತ್ತಾಳೆ ವಾದ್ಯಗಳ ಸ್ವಿಂಗ್ ಭಾಗ, ಅಮೆರಿಕದ ದೊಡ್ಡ ಜಾಸ್ ಬ್ಯಾಂಡುಗಳ ಶೈಲಿಯದು. ನಾಲ್ಕನೆಯದು ಕೊನೆಯ ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ (ಕಾರ್ಡ್): ಇ, ಜಿ, ಬಿ, ಡಿ ಶಾರ್ಪ್, ಎಫ್ ಶಾರ್ಪ್. ಪಾಶ್ಚಾತ್ಯ ಲೆಕ್ಕದಲ್ಲಿ ಇ ಮೈನರ್ ಮೇಜರ್ ನೈನ್.

ಮೇಳಕರ್ತ, ಅಂದರೆ ಕರ್ನಾಟಕ ಸಂಗೀತದ ಜನಕ ರಾಗಗಳ ಪಟ್ಟಿ, ತಿಳಿದವರಿಗೆ ಇಲ್ಲೊಂದು ಮೋಜಿದೆ. ಸ್ವಿಂಗ್ ಭಾಗವನ್ನು ಬದಿಗಿಟ್ಟರೆ ಉಳಿದುದರಲ್ಲಿ ರಿಷಭ, ಗಾಂಧಾರ, ಮಧ್ಯಮಗಳು ಅಲುಗಾಡುವುದೇ ಇಲ್ಲ. ಧೈವತ ಎರಡು, ನಿಷಾದ ಎರಡು. ಜೋಡಿಸಿದರೆ ಸಿಗುವುದು 20ನೇ ನಟಭೈರವಿ, 21ನೇ ಕೀರವಾಣಿ, 22ನೇ ಖರಹರಪ್ರಿಯ, 23ನೇ ಗೌರಿಮನೋಹರಿ. ನಾಲ್ಕೂ ವೇದ ಚಕ್ರದ ಅಕ್ಕಪಕ್ಕದ ಮೇಳಗಳು. ಥೀಮ್ ಇವುಗಳ ನಡುವೆ ಓಡಾಡುತ್ತದೆ, ಯಾವುದರಲ್ಲೂ ನಿಲ್ಲುವುದಿಲ್ಲ. ಕೊನೆಯ ಸ್ವರಮೇಳದಲ್ಲಿ ಕಾಕಲಿ ನಿಷಾದ ಇರುವುದರಿಂದ ಅದು ಕೀರವಾಣಿಯೂ ಆಗಬಹುದು, ಗೌರಿಮನೋಹರಿಯೂ ಆಗಬಹುದು. ಯಾವುದೆಂದು ತೀರ್ಮಾನಿಸಬೇಕಾದ ಧೈವತವೇ ಅದರಲ್ಲಿಲ್ಲ.

ಭಾರತದ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಟ್ರಿನಿಡಾಡಿನ ಭಾರತೀಯ ಮೂಲದವರ ಬದುಕಿನ ಮೇಲೆ ವಿ. ಎಸ್. ನೈಪಾಲ್ 1961ರಲ್ಲಿ ಪ್ರಕಟಿಸಿದ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯನ್ನು ಸಂಗೀತ ನಾಟಕ ಮಾಡುವ ಯೋಜನೆಯೊಂದಿತ್ತು. ಅದಕ್ಕೆ ಬ್ರಿಟಿಷ್ ಸಂಗೀತ ಸಂಯೋಜಕ ಮಾಂಟಿ ನಾರ್ಮನ್ ‘ಬ್ಯಾಡ್ ಸೈನ್, ಗುಡ್ ಸೈನ್’ ಎಂಬ ಹಾಡು ಕಟ್ಟಿದ್ದರು. ಅಪಶಕುನದ ಸೀನಿನೊಂದಿಗೆ ಹುಟ್ಟಿದವನ ಗೋಳು ಅದು. ಹುಟ್ಟಿದ ಮಗುವಿನ ಸೀನು ಅಶುಭ ಎಂದು ಪುರೋಹಿತ ಹೇಳುವ ಪ್ರಸಂಗ ಕಾದಂಬರಿಯಲ್ಲೇ ಬರುತ್ತದೆ. ನಾಟಕ ರಂಗಕ್ಕೆ ಬರಲಿಲ್ಲ, ಹಾಡು ಪೆಟ್ಟಿಗೆಯಲ್ಲಿ ಉಳಿಯಿತು. ‘ಡಾ. ನೋ’ಗೆ ಥೀಮ್ ಬೇಕಾದಾಗ ನಾರ್ಮನ್ ಅದನ್ನು ಹೊರತೆಗೆದು, ಸಿತಾರಿನ ಛಾಯೆಯ ಸ್ವರಗಳನ್ನು ಬಿಡಿಬಿಡಿಯಾಗಿ ಒಡೆದರು. 2005ರಲ್ಲಿ ತಂದ ‘ಕಂಪ್ಲೀಟಿಂಗ್ ದ ಸರ್ಕಲ್’ ಎಂಬ ಆಲ್ಬಮ್‌ನಲ್ಲಿ ಆ ಮೂಲ ಹಾಡನ್ನೂ ಸೇರಿಸಿದ್ದಾರೆ. ಆವೃತ್ತಿಗಳನ್ನು ಹೋಲಿಸುವವರು ಅಲ್ಲಿಂದಲೇ ಶುರು ಮಾಡಬೇಕು: ರಿಫ್ ಅಲ್ಲಿದೆ, ಗುಮಾನಿ ಇಲ್ಲ.

ಗುಮಾನಿ ತುಂಬಿದ್ದು ಇನ್ನೊಬ್ಬ ಬ್ರಿಟಿಷ್ ಸಂಗೀತಗಾರ ಜಾನ್ ಬ್ಯಾರಿಯ ವಾದ್ಯ ವಿನ್ಯಾಸ. 1962ರ ಜೂನ್ 21ರಂದು ಲಂಡನ್ನಿನ ಸಿಟಿಎಸ್ ಸ್ಟುಡಿಯೋದಲ್ಲಿ ನಡೆದ ಧ್ವನಿಮುದ್ರಣಕ್ಕೆ ಬ್ಯಾರಿ ಕೂಡಿಸಿಕೊಂಡದ್ದು ಐದು ಸ್ಯಾಕ್ಸೊಫೋನ್, ಒಂಬತ್ತು ಹಿತ್ತಾಳೆ ವಾದ್ಯ, ಒಂದು ಸೋಲೊ ಗಿಟಾರ್ ಮತ್ತು ತಾಳದ ತಂಡ. ಪಿಟೀಲುಗಳ ದಂಡು ಈ ಪಟ್ಟಿಯಲ್ಲಿಲ್ಲ. ಆಮೇಲಿನ ಮುಕ್ಕಾಲುಪಾಲು ಆವೃತ್ತಿಗಳಿಗಿಂತ ಇದು ಗಡುಸಾಗಿ ಕೇಳಲು ಅದೇ ಮುಖ್ಯ ಕಾರಣ. ಗಿಟಾರ್ ವಿಕ್ ಫ್ಲಿಕ್ ಅವರದು. ವಾದ್ಯ 1939ರ ಕ್ಲಿಫರ್ಡ್ ಎಸೆಕ್ಸ್ ಪ್ಯಾರಗಾನ್, ಪೊಳ್ಳು ಒಡಲಿನ ಜಾಸ್ ಗಿಟಾರ್, ಮೇಲೆ ತಂತಿಯ ಕಂಪನ ಹಿಡಿಯುವ ಡಿಆರ್ಮಂಡ್ ಪಿಕಪ್. ಪಿಕಪ್ ತಂತಿಗೆ ಇನ್ನಷ್ಟು ಹತ್ತಿರ ಬರಲೆಂದು ಅದರ ಕೆಳಗೆ ಸಿಗರೇಟು ಪೊಟ್ಟಣ ಮಡಿಸಿ ತುರುಕಿದ್ದರಂತೆ. ದಪ್ಪ ತಂತಿ, ಅದನ್ನು ಮೀಟಲು ಗಟ್ಟಿ ಪ್ಲೆಕ್ಟ್ರಮ್, ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ ಬೀಳುವ ಪೆಟ್ಟು. ಈ ಕೊನೆಯದನ್ನು ಅನುಕರಿಸುವುದೇ ಕಷ್ಟ. ಸಾಲನ್ನು ಒಂದು ಸ್ಥಾಯಿ ಕೆಳಗಿಳಿಸಿ ನುಡಿಸೋಣ ಎಂಬ ಸಲಹೆಯೂ ಫ್ಲಿಕ್ ಅವರದೇ.

ಫ್ಲಿಕ್‌ಗೆ ಸಿಕ್ಕ ಸಂಭಾವನೆ 6 ಪೌಂಡ್, ಬ್ಯಾರಿಗೆ 250. ಹಕ್ಕು ಮತ್ತು ರಾಯಧನ ನಾರ್ಮನ್‌ಗೆ. ಇದನ್ನು ಬರೆದದ್ದು ನಾರ್ಮನ್ ಅಲ್ಲ ಎಂಬ ಧಾಟಿಯ 1997ರ ಸಂಡೇ ಟೈಮ್ಸ್ ಲೇಖನದ ಮೇಲೆ ನಾರ್ಮನ್ ಮಾನನಷ್ಟ ಮೊಕದ್ದಮೆ ಹೂಡಿ, 2001ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ಗೆದ್ದು 30,000 ಪೌಂಡ್ ಪರಿಹಾರ ಪಡೆದರು. ಸ್ವರಸಾಲು ನಾರ್ಮನ್‌ದು ಎಂಬುದರಲ್ಲಿ ತಕರಾರು ಬೇಡ. ಆದರೆ 60 ವರ್ಷದಿಂದ ಸಂಗೀತಗಾರರು ಸಾಲ ಪಡೆಯುತ್ತಿರುವುದು ಹೆಚ್ಚಾಗಿ ಆ ಹಿತ್ತಾಳೆಯ ಗದರಿಕೆಯನ್ನು, ಆ ವಿನ್ಯಾಸದ ಹದವನ್ನು. ಸ್ವರಸಾಲಿಗೆ ಒಡೆತನ, ವಿನ್ಯಾಸಕ್ಕೆ ದಿನಗೂಲಿ ಎಂಬ ಲೆಕ್ಕ ಸಿನಿಮಾ ಸಂಗೀತದಲ್ಲಿ ಎಲ್ಲೆಡೆ ನಡೆದುಬಂದದ್ದೇ.

ಮುಂದಕ್ಕೆ ಹೋಗುವ ಮುನ್ನ ಕೇಳುವ ಕ್ರಮದ ಬಗ್ಗೆ ಎರಡು ಮಾತು, ಏಕೆಂದರೆ ಹೋಲಿಕೆಗಳು ಕೆಡುವುದು ಇಲ್ಲೇ. ಹಳೆಯ ಡಿವಿಡಿ ಹಾಕಿ ಕೀಬೋರ್ಡ್ ಹಿಡಿದು ಕೂತರೆ ಥೀಮ್ ಇ ಮೈನರಿಗೂ ಎಫ್ ಮೈನರಿಗೂ ನಡುವೆ ಎಲ್ಲೋ ಸಿಕ್ಕಿಕೊಂಡಂತೆ ಕೇಳಬಹುದು. ತಪ್ಪು ಕಿವಿಯದಲ್ಲ. ಭಾರತದಲ್ಲೂ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿಸ್ಕುಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸುತ್ತಾರೆ. ವೇಗ ಶೇ. 4ಕ್ಕಿಂತ ತುಸು ಹೆಚ್ಚು ಏರುತ್ತದೆ, ಶ್ರುತಿ ಸರಿಪಡಿಸದೇ ಹೋದರೆ ಸುಮಾರು 70 ಸೆಂಟ್ ಮೇಲೇರುತ್ತದೆ; ಅರ್ಧ ಸ್ವರಕ್ಕೆ 100 ಸೆಂಟ್. ‘ಈ ಆವೃತ್ತಿಯಲ್ಲಿ ಚುರುಕು ಜಾಸ್ತಿ’ ಎಂಬ ಎಷ್ಟೋ ತೀರ್ಪುಗಳು ಸಂಗೀತಗಾರನಿಗಿಂತ ಡಿಸ್ಕಿಗೆ ಸಲ್ಲಬೇಕಾದವು. ಬ್ಲೂರೇ ಅಥವಾ ಆಡಿಯೊ ಆಲ್ಬಮ್‌ನಲ್ಲಿ ಈ ತೊಂದರೆ ಇರುವುದಿಲ್ಲ. ಇನ್ನೊಂದು, ಧ್ವನಿಯ ಮಟ್ಟ. 1962ರದನ್ನೂ 1997ರದನ್ನೂ ಒಂದೇ ವಾಲ್ಯೂಮಿನಲ್ಲಿಟ್ಟರೆ ಹೊಸದು ಜೋರಾಗಿಯೇ ಬರುತ್ತದೆ, ಜೋರಾಗಿರುವುದು ಚೆನ್ನಾಗಿದೆ ಎಂದು ಕಿವಿ ಒಪ್ಪಿಬಿಡುತ್ತದೆ. ಹೊಸದನ್ನು ತಗ್ಗಿಸಿ ಸರಿಗಟ್ಟಿ ಕೇಳಬೇಕು. ಸ್ಟ್ರೀಮಿಂಗ್ ತಾಣಗಳಲ್ಲಿ ‘ಜೇಮ್ಸ್ ಬಾಂಡ್ ಥೀಮ್’ ಎಂದು ಹುಡುಕಿದರೆ ಮೇಲೆ ಬರುವವುಗಳಲ್ಲಿ ಮರುಧ್ವನಿಮುದ್ರಣಗಳೇ ಬಹಳ. ಕಲಾವಿದರ ಹೆಸರಿನಲ್ಲಿ ಪ್ರಾಗ್ ಫಿಲ್ಹಾರ್ಮೊನಿಕ್ ಎಂದಿದ್ದರೆ ಅದು ಚಿತ್ರದ ಮೂಲವಲ್ಲ.

‘ಡಾ. ನೋ’ದಲ್ಲಿ ಈ ಸಂಗೀತವನ್ನು ಬಳಸಿದ ರೀತಿ ಇಂದಿಗೆ ಒರಟು ಎನ್ನಿಸುತ್ತದೆ. ಶೀರ್ಷಿಕೆಗೆಂದು ಮಾಡಿದ ಅದೇ ಮುದ್ರಣವನ್ನು ಚಿತ್ರದುದ್ದಕ್ಕೂ ಕತ್ತರಿಸಿ ಅಂಟಿಸಿದ್ದಾರೆ. ಬಾಂಡ್ ವಿಮಾನ ನಿಲ್ದಾಣದಲ್ಲಿ ಸುಮ್ಮನೆ ನಡೆದುಹೋದರೂ ಹಿತ್ತಾಳೆಗಳು ಅರಚುತ್ತವೆ. ಮುಂದಿನ ಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ಗೆ ಪೂರ್ಣ ಸಂಗೀತವನ್ನು ಬ್ಯಾರಿಯೇ ಮಾಡಿದರು, ಮತ್ತು ಜಾಣತನದಿಂದ ‘007’ ಎಂಬ ತಮ್ಮದೇ ಇನ್ನೊಂದು ಸಾಹಸದ ಥೀಮನ್ನು ಹುಟ್ಟಿಸಿದರು. ಅದು ‘ಮೂನ್‌ರೇಕರ್’ವರೆಗೆ ಆಗಾಗ ತಲೆಹಾಕುತ್ತದೆ. ಹೊಡೆದಾಟದ ಹೊರೆಯನ್ನು ಅದಕ್ಕೆ ವಹಿಸಿದ ಮೇಲೆ ಮೂಲ ಥೀಮ್ ಸವೆಯುವುದು ತಪ್ಪಿತು.

1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ನಲ್ಲಿ ಬ್ಯಾರಿ ಮೂಗ್ ಸಿಂಥಸೈಸರ್ ತಂದರು. ನಟ ಹೊಸಬ, ಜಾರ್ಜ್ ಲೇಜನ್ಬಿ. ದನಿಯೂ ಹೊಸದಿರಲಿ ಎಂಬ ಲೆಕ್ಕವಿರಬೇಕು. ಇಲ್ಲಿ ಗಮನಿಸಬೇಕಾದ್ದು ಮೂಗ್ ಯಾವ ಜಾಗ ಹಿಡಿಯಿತು ಎಂಬುದನ್ನು. ಸ್ವರದ ಬಣ್ಣ ಮಾತ್ರ ಬದಲಾಗಿ, ಓಲಾಟದ ನಡೆ ಹಾಗೆಯೇ ಉಳಿಯಿತು. ಹಾಗಾಗಿಯೇ 50 ವರ್ಷ ದಾಟಿದರೂ ಅದು ಮುಜುಗರ ಹುಟ್ಟಿಸುವುದಿಲ್ಲ. ಈ ಥೀಮಿನ ವಯಸ್ಸು ಗೊತ್ತಾಗುವುದು ಡ್ರಮ್ಮಿನಲ್ಲಿ. ಸ್ವರಕ್ಕೆ ಹೊಸ ಬಟ್ಟೆ ತೊಡಿಸಿದ ಆವೃತ್ತಿಗಳು ಬಾಳುತ್ತವೆ. ತಾಳವನ್ನು ಆ ವರ್ಷದ ಫ್ಯಾಷನ್ನಿಗೆ ಒಪ್ಪಿಸಿದವು ಆ ವರ್ಷದಲ್ಲೇ ಉಳಿಯುತ್ತವೆ.

ಇದಕ್ಕೆ ಸಾಕ್ಷಿ ಎಪ್ಪತ್ತರ ದಶಕ. ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ 1973ರ ‘ಲಿವ್ ಅಂಡ್ ಲೆಟ್ ಡೈ’ಗೆ ಫಂಕ್ ಹಚ್ಚಿದರು, ಕತೆಯೇ ಹಾರ್ಲೆಮ್ ಮತ್ತು ನ್ಯೂ ಆರ್ಲಿಯನ್ಸ್‌ನಲ್ಲಿ ಓಡಾಡುವುದರಿಂದ ಅದು ಒಗ್ಗುತ್ತದೆ. 1977ರ ‘ದ ಸ್ಪೈ ಹೂ ಲವ್ಡ್ ಮಿ’ಯಲ್ಲಿ ಮಾರ್ವಿನ್ ಹ್ಯಾಮ್ಲಿಶ್ ಮಾಡಿದ ‘ಬಾಂಡ್ 77’ ಪೂರಾ ಡಿಸ್ಕೊ. ಪ್ರತಿ ಮಾತ್ರೆಗೂ ಕಿಕ್ ಡ್ರಮ್ ಕುಟ್ಟಿದರೆ ಏನಾಗುತ್ತದೆ? ವ್ಯಾಂಪಿನ ಹಿಂಜರಿಕೆಗೆ ಉಸಿರಾಡಲು ಜಾಗವಿಲ್ಲದಂತಾಗುತ್ತದೆ. ನಾಲ್ಕು ಹೆಜ್ಜೆಗಳು ಸಮನಾಗಿ ಕವಾಯತು ಮಾಡುತ್ತವೆ, ಅಪಾಯ ಹೋಗಿ ಪಾರ್ಟಿ ಬರುತ್ತದೆ. ಇಷ್ಟಾದರೂ ಇಡೀ ಸರಣಿಯಲ್ಲಿ ಥೀಮಿನ ಅತ್ಯುತ್ತಮ ಪ್ರವೇಶ ಇದೇ ಚಿತ್ರದ್ದು. ಸ್ಕೀಯಿಂಗ್ ಬೆನ್ನಟ್ಟುವಿಕೆಯುದ್ದಕ್ಕೂ ಡಿಸ್ಕೊ ಓಡುತ್ತದೆ. ಸಾಹಸಿ ರಿಕ್ ಸಿಲ್ವೆಸ್ಟರ್ ಕೆನಡಾದ ಬ್ಯಾಫಿನ್ ದ್ವೀಪದ ಆಸ್‌ಗಾರ್ಡ್ ಬೆಟ್ಟದ ತುದಿಯಿಂದ ಜಿಗಿದಾಗ ಸಂಗೀತ ನಿಂತುಬಿಡುತ್ತದೆ, ಗಾಳಿ ಮಾತ್ರ. ಬ್ರಿಟನ್ ಧ್ವಜದ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಹಿತ್ತಾಳೆಗಳು ಮೇಲೆದ್ದು ಬರುತ್ತವೆ. ಆವೃತ್ತಿ ಸಾಧಾರಣದ್ದಾದರೂ ಮೌನವನ್ನು ಇಟ್ಟ ಜಾಗ ಸರಿಯಾಗಿತ್ತು. 1981ರ ‘ಫಾರ್ ಯುವರ್ ಐಸ್ ಓನ್ಲಿ’ಗೆ ಬಿಲ್ ಕಾಂಟಿ ಮಾಡಿದ್ದು ಇದೇ ದಾರಿಯ ಮುಂದುವರಿಕೆ, ಹೆಚ್ಚು ಹೇಳಬೇಕಾದ್ದಿಲ್ಲ.

1983 ಎರಡು ಕಾರಣಕ್ಕೆ ಸ್ವಾರಸ್ಯದ ವರ್ಷ. ‘ಆಕ್ಟೋಪಸ್ಸಿ’ಯಲ್ಲಿ ಬಾಂಡ್ ಉದಯಪುರಕ್ಕೆ ಬಂದಿಳಿದಾಗ ಹಾವಾಡಿಗನ ವೇಷದಲ್ಲಿ ಕೂತ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಪುಂಗಿಯಲ್ಲಿ ಈ ಥೀಮನ್ನೇ ಊದಿ ತನ್ನ ಗುರುತು ಕೊಡುತ್ತಾರೆ. ಹಿನ್ನೆಲೆಯಲ್ಲಿರಬೇಕಾದ ಸಂಗೀತ ಕತೆಯೊಳಗಿನವರ ಕಿವಿಗೂ ಬೀಳುವ ಅಪರೂಪದ ಗಳಿಗೆ. ಪುಂಗಿಗೆ ಎರಡು ಕೊಳವೆ, ಒಂದು ಬರೀ ಶ್ರುತಿ ಹಿಡಿಯುತ್ತದೆ. ಶ್ರುತಿ ಅಲುಗದ ವಾದ್ಯದಲ್ಲಿ ರಾಗದ ತುಣುಕು ಬರುತ್ತದೆ, ಅದರಡಿ ನಡೆಯುವ ಸ್ವರಮೇಳ ಬರುವುದಿಲ್ಲ. ಹಾಗಾಗಿ ಗುರುತು ಸಿಗುತ್ತದೆ, ನಗು ಬರುತ್ತದೆ, ಭಯವಾಗುವುದಿಲ್ಲ. ಅದೇ ವರ್ಷದ ‘ನೆವರ್ ಸೇ ನೆವರ್ ಅಗೇನ್’ ಇದರ ತದ್ವಿರುದ್ಧ. ‘ಥಂಡರ್‌ಬಾಲ್’ ಕತೆಯ ಹಕ್ಕು ಕೆವಿನ್ ಮೆಕ್ಲೋರಿ ಬಳಿ ಇದ್ದುದರಿಂದ ಇಯಾನ್ ಹೊರಗೇ ಈ ಚಿತ್ರ ತಯಾರಾಯಿತು, ಶಾನ್ ಕಾನರಿಯೇ ನಾಯಕ. ಥೀಮ್ ಬಳಸುವ ಹಕ್ಕು ಮಾತ್ರ ಇರಲಿಲ್ಲ. ಮಿಶೆಲ್ ಲೆಗ್ರಾನ್ ಸಣ್ಣ ಸಂಗೀತಗಾರರೇನಲ್ಲ. ಆದರೂ ಕಾನರಿ ಕ್ಯಾಮೆರಾಗೆ ಮುಖ ಮಾಡಿದಾಗಲೆಲ್ಲ ಏನೋ ಖಾಲಿ ಖಾಲಿ.

ನಮ್ಮ ಸಿಐಡಿ 999 ಇಲ್ಲಿ ನೆನಪಾಗದೆ ಇರುವುದಿಲ್ಲ. 1968ರ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ರಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ದೊರೈ-ಭಗವಾನ್ ಜೋಡಿ 007ರ ಅಚ್ಚಿನಲ್ಲೇ ರಾಜ್‌ಕುಮಾರ್ ಅವರ ಪತ್ತೇದಾರನನ್ನು ರೂಪಿಸಿತು. ಸಂಗೀತ ಜಿ. ಕೆ. ವೆಂಕಟೇಶ್. ಅಲ್ಲಿ ಜನ ಉಳಿಸಿಕೊಂಡದ್ದು ‘ಇಫ್ ಯು ಕಮ್ ಟುಡೇ’ಯನ್ನು, ಅಂದರೆ ನಾಯಕನೇ ಹಾಡಿದ ಹಾಡನ್ನು. ಹಾಡುವ ಪತ್ತೇದಾರನಿಗೆ ಹಿನ್ನೆಲೆಯ ಗುರುತುರಾಗದ ಹಂಗು ಕಡಿಮೆ. ಬಾಂಡ್ ಹಾಡುವುದಿಲ್ಲ, ಅವನ ಪರವಾಗಿ ಅದು ಹಾಡಬೇಕು.

ಬ್ಯಾರಿ 1987ರ ‘ದ ಲಿವಿಂಗ್ ಡೇಲೈಟ್ಸ್’ನಲ್ಲಿ ವಾದ್ಯವೃಂದದ ಮೇಲೆ ಎಲೆಕ್ಟ್ರಾನಿಕ್ ತಾಳದ ಪದರ ಹಾಸಿದರು. ಅದೇ ಅವರ ಕೊನೆಯ ಬಾಂಡ್. ಡ್ರಮ್ ಮಷಿನ್ ಇದ್ದೂ ಅದು ಕೆಡಲಿಲ್ಲ. ಯಂತ್ರ ಸಣ್ಣ ಮಾತ್ರೆಗಳನ್ನು ತುಂಬುತ್ತದೆ, ತೂಕದ ಪೆಟ್ಟುಗಳನ್ನು ವಾದ್ಯವೃಂದಕ್ಕೇ ಬಿಡುತ್ತದೆ. 1995ರ ‘ಗೋಲ್ಡನ್‌ಐ’ಗೆ ಎರಿಕ್ ಸೆರಾ ಮಾಡಿದ್ದು ಇದರ ತಲೆಕೆಳಗು: ಲೋಹ ಬಡಿದಂಥ ಸದ್ದುಗಳು ಮುಂದೆ, ಥೀಮ್ ತಿಂಪಾನಿ ಎಂಬ ದೊಡ್ಡ ನಗಾರಿಯಂಥ ಹೊಡೆತಗಳಲ್ಲಿ ಚೂರುಚೂರು. ಚಿತ್ರದ ಆರಂಭದಲ್ಲಿ ಬರುವ ಬಂದೂಕಿನ ನಳಿಕೆಯ ದೃಶ್ಯಕ್ಕೆ ಅದೊಂದು ಧೈರ್ಯದ ಪ್ರಯೋಗವೇ, ಅಷ್ಟು ಹೊತ್ತಿಗೆ ಚೆನ್ನಾಗಿಯೂ ಇದೆ. ಸೇಂಟ್ ಪೀಟರ್ಸ್‌ಬರ್ಗಿನ ಟ್ಯಾಂಕ್ ಬೆನ್ನಟ್ಟುವಿಕೆಗೆ ಮಾತ್ರ ನಿರ್ಮಾಪಕರು ಒಪ್ಪಲಿಲ್ಲ. ಜಾನ್ ಆಲ್ಟ್‌ಮನ್ ಕೈಯಲ್ಲಿ ವಾದ್ಯವೃಂದದ ಸಂಗೀತ ಬರೆಸಿದರು. ಸೆರಾ ಅವರ ತಿರಸ್ಕೃತ ತುಣುಕು ‘ಎ ಪ್ಲೆಸೆಂಟ್ ಡ್ರೈವ್ ಇನ್ ಸೇಂಟ್ ಪೀಟರ್ಸ್‌ಬರ್ಗ್’ ಎಂಬ ಹೆಸರಿನಲ್ಲಿ ಆಲ್ಬಮ್‌ನಲ್ಲಿ ಉಳಿದಿದೆ. ಅದನ್ನು ಕೇಳಿ, ಆಮೇಲೆ ಚಿತ್ರದ ಆ ದೃಶ್ಯ ನೋಡಿ. ಥೀಮ್ ಒಂದು ದೃಶ್ಯಕ್ಕೆ ಏನು ಕೊಡುತ್ತದೆ ಎಂಬುದಕ್ಕೆ ಇಷ್ಟು ಸ್ವಚ್ಛವಾದ ಪ್ರಯೋಗ ಇನ್ನೊಂದಿಲ್ಲ: ಅದೇ ಟ್ಯಾಂಕ್, ಅದೇ ಬೀದಿ, ಬೇರೆ ಸಂಗೀತ.

ಮುಂದೆ ಐದು ಚಿತ್ರ ಡೇವಿಡ್ ಅರ್ನಾಲ್ಡ್ ಅವರದು. 1997ರ ‘ಟುಮಾರೋ ನೆವರ್ ಡೈಸ್’ನಲ್ಲಿ ಬ್ಯಾರಿ ಕಾಲದ ಹಿತ್ತಾಳೆಗೆ ನೃತ್ಯಸಂಗೀತದ ತಾಳ ಬೆಸೆದರು, ಪ್ರೊಪೆಲರ್‌ಹೆಡ್ಸ್ ಜೊತೆಗಿನ ‘ಬ್ಯಾಕ್‌ಸೀಟ್ ಡ್ರೈವರ್’ ಇಂದಿಗೂ ಓಡುತ್ತದೆ. ಅದೇ ಚಿತ್ರಕ್ಕೆ ಮೋಬಿ ಮಾಡಿದ ರೀಮಿಕ್ಸ್ ಆಗ ಹೆಚ್ಚು ಮೆರೆಯಿತು, ಈಗ ಹೆಚ್ಚು ಹಳತಾಗಿದೆ. ಆದರೆ ಅರ್ನಾಲ್ಡ್ ಅವರ ದೊಡ್ಡ ಕೆಲಸ 2006ರ ‘ಕ್ಯಾಸಿನೊ ರಾಯಲ್’, ಅಂದರೆ ಥೀಮನ್ನು ಕೊಡದೇ ಇದ್ದದ್ದು. ಬಾಂಡ್ ಇನ್ನೂ ಬಾಂಡ್ ಆಗಿಲ್ಲ ಎಂಬುದು ಕತೆ. ಹಾಗಾಗಿ ಚಿತ್ರದುದ್ದಕ್ಕೂ ಶೀರ್ಷಿಕೆ ಗೀತೆ ‘ಯು ನೋ ಮೈ ನೇಮ್’ನ ಸ್ವರಗಳೇ ಥೀಮಿನ ಕೆಲಸ ಮಾಡುತ್ತವೆ. ಜೂಜಿನಲ್ಲಿ ಆಸ್ಟನ್ ಮಾರ್ಟಿನ್ ಗೆದ್ದಾಗ ಒಂದು ಸುಳಿವು, ಟಕ್ಸೀಡೊ ತೊಟ್ಟು ಕನ್ನಡಿ ನೋಡಿಕೊಂಡಾಗ ಇನ್ನೊಂದು. ಪೂರ್ತಿ ಥೀಮ್, ಗಿಟಾರ್ ಸಮೇತ, ಕೊನೆಯ ದೃಶ್ಯದಲ್ಲಿ ಅವನು ಹೆಸರು ಹೇಳಿದ ಮೇಲೆ. ವಿನ್ಯಾಸ ಬಹುಪಾಲು 1962ರದೇ; ಎರಡು ಗಂಟೆ ಕಾಯಿಸಿದ್ದರಿಂದ ಅದಕ್ಕೆ ಹೊಸ ಬಲ ಬಂತು.

2012ರ ‘ಸ್ಕೈಫಾಲ್’ನಲ್ಲಿ ಥಾಮಸ್ ನ್ಯೂಮನ್ ಹಳೆಯ ಆಸ್ಟನ್ ಮಾರ್ಟಿನ್ ಡಿಬಿ5 ಕಾರು ಹೊರಬರುವಾಗ ಗಿಟಾರನ್ನು ಬಿಚ್ಚುತ್ತಾರೆ, ಆಲ್ಬಮ್‌ನಲ್ಲಿ ‘ಬ್ರೆಡ್‌ಕ್ರಂಬ್ಸ್’. ಚೆನ್ನಾಗಿದೆ. ಅದಕ್ಕಿಂತ ಸೂಕ್ಷ್ಮವಾದದ್ದು ಅಡೆಲ್ ಹಾಡಿದ ಶೀರ್ಷಿಕೆ ಗೀತೆ. ಅದರ ಸ್ವರಮೇಳಗಳು ಸಿ ಮೈನರ್, ಎ ಫ್ಲ್ಯಾಟ್, ಎಫ್, ಎಫ್ ಮೈನರ್. ಒಳಗಿನ ಒಂದು ಎಳೆಯನ್ನು ಹಿಡಿದು ನೋಡಿ: ಜಿ, ಎ ಫ್ಲ್ಯಾಟ್, ಎ, ಎ ಫ್ಲ್ಯಾಟ್. ಸಿ ಷಡ್ಜವಾದರೆ ಪ, ಶುದ್ಧ ದ, ಚತುಶ್ರುತಿ ದ, ಶುದ್ಧ ದ. ವ್ಯಾಂಪೇ ಅದು, ಮಂದ್ರದ ಸ್ವರ ಜಾಗ ಬದಲಿಸುವುದರಿಂದ ವೇಷ ಮರೆಸಿಕೊಂಡಿದೆ. ಥೀಮಿನ ಒಂದು ಸ್ವರವನ್ನೂ ನೇರವಾಗಿ ಹೇಳದೆ ಕೇಳುಗರಿಗೆ ಬಾಂಡ್ ಎಂದು ತಿಳಿಸಿಬಿಡುತ್ತದೆ. 2021ರ ‘ನೋ ಟೈಮ್ ಟು ಡೈ’ ಗೀತೆಯಲ್ಲಿ ಬಿಲಿ ಐಲಿಶ್ ಮಾಡಿದ್ದು ಇದೇ ಜಾಣತನ, ಬೇರೆ ತುಂಡಿನಿಂದ: ಹಾಡು ನಿಲ್ಲುವುದು ಆ ಹಳೆಯ ಮೈನರ್ ಮೇಜರ್ ನೈನ್ ಮೇಲೆ. ಚಿತ್ರಕ್ಕೆ ಹನ್ಸ್ ಜಿಮ್ಮರ್ ಸಂಗೀತ, ಗಿಟಾರ್ ಜಾನಿ ಮಾರ್. ದೊಡ್ಡ ದನಿ, ಒಳ್ಳೆಯ ಗಿಟಾರ್, ತುಸು ಅತಿ ಭಾರ.

ಇನ್ನು ಇದನ್ನು ನುಡಿಸುವವರಿಗೆ. ರಿಫ್ ಪೂರ್ತಿ ಆರನೆಯ ತಂತಿಯಲ್ಲೇ ಇದೆ: ಖಾಲಿ ತಂತಿ, ಎರಡನೆಯ ಫ್ರೆಟ್, ಮೂರನೆಯ ಫ್ರೆಟ್. ಮೇಲಿನ ತಂತಿಗಳಿಗೆ ಸಾಗಿಸಿದರೆ ಕೈಗೆ ಸುಲಭ, ದನಿ ತೆಳು. ಪ್ಲೆಕ್ಟ್ರಮ್ ಗಟ್ಟಿಯದಿರಲಿ, ಬ್ರಿಡ್ಜ್ ಕಡೆಗೆ ಸರಿದು ಬಾರಿಸಿ. ಜಾರು ಸಾಲು ಐದನೆಯ ತಂತಿಯಲ್ಲಿ 6, 5, 2, 0, 2. ಡಿಸ್ಟಾರ್ಷನ್ ಹಾಕಿದರೆ ಅವಸರದ ಎರಡು ರಿಷಭಗಳು ಒಂದಕ್ಕೊಂದು ಅಂಟಿಕೊಂಡು ಕಲಸಿಹೋಗುತ್ತವೆ. ಸ್ವಚ್ಛ ದನಿ, ತುಸು ರಿವರ್ಬ್ ಸಾಕು. ಬ್ಯಾಂಡಿನಲ್ಲಿ ಎಲ್ಲರೂ ರಿಫ್ ಹಿಡಿಯಲು ಹಾತೊರೆಯುತ್ತಾರೆ, ವ್ಯಾಂಪ್ ಯಾರಿಗೂ ಬೇಡ. ಅದನ್ನು ಒಬ್ಬರಿಗೆ ಗೊತ್ತುಮಾಡಿ, ಸಿ ಶಾರ್ಪ್ ಸ್ಪಷ್ಟವಾಗಿ ಕೇಳುವಷ್ಟು ಜಾಗ ಬಿಡಿ. ಕೊನೆಯ ಸ್ವರಮೇಳಕ್ಕೆ ಆರನೆಯ ತಂತಿ ಖಾಲಿ, ಐದನೆಯದು ಮುಚ್ಚಿ, ನಾಲ್ಕನೆಯದರಲ್ಲಿ 5ನೇ ಫ್ರೆಟ್, ಮೂರನೆಯದರಲ್ಲಿ 4, ಎರಡನೆಯದರಲ್ಲಿ 4, ಮೊದಲನೆಯದರಲ್ಲಿ 2. ಎರಡನೆಯ ತಂತಿಯ ಬೆರಳು 3ನೇ ಫ್ರೆಟ್ಟಿಗೆ ಜಾರಿದರೆ ಡಿ ಶಾರ್ಪ್ ಹೋಗಿ ಡಿ ಬರುತ್ತದೆ, ಆಗ ಅದು ಬರೀ ಇ ಮೈನರ್ ನೈನ್, ಹೋಟೆಲ್ ಲಾಬಿಯ ಸಂಜೆಗೆ ಒಪ್ಪುವ ಹಿತವಾದ ಸ್ವರಮೇಳ. ಕೊನೆಯಲ್ಲಿ ಏನೋ ಮೆತ್ತಗಾಯಿತು ಅನ್ನಿಸಿದರೆ ಮೊದಲು ನೋಡಬೇಕಾದ್ದು ಆ ಬೆರಳನ್ನು.